ಅಪ್‌ಡೇಟ್: ರೆಸೊಲ್ಯೂಟ್‌ನಿಂದ ಗ್ರೀಸ್ ಫಿಯರ್ಡ್‌ಗೆ ಎಷ್ಟು ದೂರ?

ಕೆನಡಾದ ನುನಾವುಟ್‌ನ ಈ ಎರಡು ಊರುಗಳ ನಡುವೆ ವಿಮಾನದಲ್ಲಿ ಎಷ್ಟು ಕಿ.ಮೀ. ಆಗುತ್ತದೆ ಅಂತ ಕೇಳಿದ್ದೆ. ನನ್ನ ಲೆಕ್ಕ 1,300 ದಾಟಿತ್ತು. ಸರಿಯಾದ ದೂರ ಸುಮಾರು 380 ಕಿ.ಮೀ. ಅಷ್ಟೇ. ತಿದ್ದಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಎರಡೂರಿನ ನಡುವೆ 12 ಡಿಗ್ರಿ ರೇಖಾಂಶದ ಅಂತರವಿದೆ. ಡಿಗ್ರಿಗೆ 111 ಕಿ.ಮೀ. ಅಂತ ಹಿಡಿದು ಗುಣಿಸಿದ್ದೆ. ಆದರೆ ಅದು ಸಮಭಾಜಕದ ಲೆಕ್ಕ. ಧ್ರುವದ ಕಡೆ ಹೋದಷ್ಟೂ ರೇಖಾಂಶಗಳು ಹತ್ತಿರ ಸರಿಯುತ್ತವೆ, ಅಲ್ವಾ? 75 ಡಿಗ್ರಿ ಉತ್ತರದಲ್ಲಿ ಒಂದು ಡಿಗ್ರಿ ಅಂದರೆ ಬರೀ 29 ಕಿ.ಮೀ. ಗೋಡೆಯ ನಕಾಶೆಯಲ್ಲಿ ಮಾತ್ರ ಅವನ್ನು ಎಲ್ಲ ಕಡೆ ಒಂದೇ ಅಂತರದಲ್ಲಿ ಎಳೆದಿರುತ್ತಾರೆ; ಆ ಜಾಗ ಅಷ್ಟು ಅಗಲ ಕಾಣುವುದೂ ಇದಕ್ಕೇ.

ಗ್ರೀಸ್ ಫಿಯರ್ಡ್‌ನ ರನ್‌ವೇ ಜಲ್ಲಿಯದು, ಉದ್ದ ಸುಮಾರು 500 ಮೀಟರ್. ಅಲ್ಲಿಗೆ ಟ್ವಿನ್ ಆಟರ್‌ನಂಥ ಚಿಕ್ಕ ವಿಮಾನವೇ ಬೇಕು.

ಓದುತ್ತಾ ಹೋದಾಗ ಇನ್ನೊಂದು ದೂರ ಮನಸ್ಸಿಗೆ ಜಾಸ್ತಿ ನಾಟಿತು. 1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್ ಪ್ರಾಂತ್ಯದ ಉತ್ತರದಲ್ಲಿರುವ ಇನುಕ್ಜುವಾಕ್ ಊರಿನ ಇನುಯಿಟ್ (ಆರ್ಕ್ಟಿಕ್‌ನ ಮೂಲನಿವಾಸಿ) ಕುಟುಂಬಗಳನ್ನು ಹಡಗಿನಲ್ಲಿ ಸುಮಾರು 2,000 ಕಿ.ಮೀ. ಉತ್ತರಕ್ಕೆ ಸಾಗಿಸಿ, ಈ ಎರಡೂ ಕಡೆ ಇಳಿಸಿತು. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.