ಒಣಗಿದ ಮೇಲೂ ಆಕಾಶದ ಬಣ್ಣ ಎದ್ದು ಬರ್ತಿದೆ, ಯಾಕೆ?

ಬೆಟ್ಟದಂಚು (ಚಿಕ್ಕಬಳ್ಳಾಪುರ):
ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ, ನಾಲ್ಕನೇ ಹಾಳೆಯೂ ಹಾಳಾಯಿತು. ತಲೆ ಕೆಟ್ಟಿದೆ. ಬೆಳಗಿನ ನಂದಿ ಬೆಟ್ಟ, ಬುಡದಲ್ಲಿ ಮಂಜು. ಆಕಾಶಕ್ಕೆ ತೆಳುವಾಗಿ ವಾಶ್ (ನೀರು ಬೆರೆಸಿದ ಬಣ್ಣ) ಎಳೆದೆ. ಒಣಗಿದ ಮೇಲೆ ದೂರದ ಬೆಟ್ಟ. ಕುಂಚ ತಾಗಿಸಿದ್ದೇ ತಡ, ಕೆಳಗಿನ ನೀಲಿ ಕರಗಿ ಬೆಟ್ಟವೆಲ್ಲ ಕೆಸರು. ಪೇಪರ್ ದಪ್ಪದ್ದೇ, 300 ಜಿಎಸ್‌ಎಂ, ಬಣ್ಣ ಟ್ಯೂಬಿನದು. ಬೇರೇನೂ ಮಾಡಿಲ್ಲ. ಫೋಟೋ ಹಾಕಿದ್ದೇನೆ.

ಕೋಲಾರದ ಕುಂಚ:
ಬೋರ್‌ವೆಲ್ ನೀರು ತಾನೇ? ಹಂಡೆಯೊಳಗೆ ಕಟ್ಟಿರುವ ಬಿಳಿ ಪೊರೆ ನೋಡಿ, ಗೊತ್ತಾಗುತ್ತದೆ. ಅದೇ ಕಾರಣ.

ಬೆಟ್ಟದಂಚು:
ಸಾರ್, ಎರಡನೇ ಹಾಳೆಯಿಂದಲೇ ಕ್ಯಾನ್ ನೀರು.

ಕೋಲಾರದ ಕುಂಚ:
ಕ್ಯಾನ್ ನೀರೂ ನಂಬಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ನಾನು ಅದನ್ನೇ ಬಳಸೋದು.

ದುರ್ಗದ ಗಾಳಿ (ತುಮಕೂರು):
ಗಡಸು ನೀರಿಗೆ ಅಲ್ಟ್ರಾಮರೀನ್ ನೀಲಿ ತರಿತರಿಯಾಗಿ ಕೂರಬಹುದು. ಆದರೆ ಅದರಿಂದ ಒಣಗಿದ್ದು ಏಳಲ್ಲ. ನಿಜವಾಗಿ ಒಣಗಿತ್ತಾ? ಕೈಯ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗಿನ್ನೂ ಹಸಿ.

ಬೆಟ್ಟದಂಚು:
ರಾತ್ರಿಯೆಲ್ಲ ಬಿಟ್ಟಿದ್ದೆ.

ಹಳೇ ಊರವ:
ಫೋಟೋದಲ್ಲಿರೋದು ನಂದಿ ಅಲ್ಲ, ಕಳವಾರ ಬೆಟ್ಟ.

ಕೋಲಾರದ ಕುಂಚ:
ಸ್ಕಂದಗಿರಿ ಅನ್ನಿ.

ಹಳೇ ಊರವ:
ಅದು ಟ್ರೆಕ್ಕಿಂಗಿಗೆ ಬರೋರ ಬಾಯಲ್ಲಿ. ನಮ್ಮನೆಯಲ್ಲಿ ಕಳವಾರ ಬೆಟ್ಟವೇ.

ದುರ್ಗದ ಗಾಳಿ:
ಯಾವ ಬೆಟ್ಟವಾದರೂ ಇರಲಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಆಕಾಶಕ್ಕೆ ಹಾಲು ಸುರಿದ ಹಾಗಿದೆ, ಹಾಳೆಯ ತರಿ ಕಾಣ್ತಾನೇ ಇಲ್ಲ. ಬಿಳಿ ಬೆರೆಸಿದ್ರಾ?

ಬೆಟ್ಟದಂಚು:
ಹೌದು, ಮಂಜು ಬೇಕಲ್ವಾ? ಮಗಳ ಪೋಸ್ಟರ್ ಕಲರ್ ಡಬ್ಬಿಯಿಂದ ಒಂದು ಚೂರು. ಅದೂ ಹೇಳಬೇಕಿತ್ತಾ?

ದುರ್ಗದ ಗಾಳಿ:
ಅದನ್ನೇ ಮೊದಲು ಹೇಳಬೇಕಿತ್ತು ಸ್ವಾಮಿ! ಪೋಸ್ಟರ್ ಕಲರ್ ಗೋಡೆಗೆ ಬಳಿದ ಸುಣ್ಣದ ಹಾಗೆ ಮೇಲೇ ಕೂರುತ್ತದೆ. ಒದ್ದೆ ಕುಂಚ ತಾಗಿದರೆ ಮತ್ತೆ ಕರಗುತ್ತದೆ. ಮಂಜಿಗೆ ಹಾಳೆಯ ಬಿಳುಪೇ ಸಾಕು. ಬೆಟ್ಟದ ಮೇಲಂಚನ್ನು ಒಣ ಹಾಳೆಯ ಮೇಲೆ ಎಳೆಯಿರಿ. ಬುಡ ಒಣಗುವ ಮುಂಚೆ ಬರೀ ನೀರಿನ ಕುಂಚದಿಂದ ಕೆಳಕ್ಕೆ ಸವರಿ ಮಾಯ ಮಾಡಿ. ಒಣಗಲಿ. ಹತ್ತಿರದ ಬೆಟ್ಟಕ್ಕೆ ಬಣ್ಣ ಇನ್ನೂ ಗಟ್ಟಿ. ಒಂದೇ ಸಲ ಎಳೆದು ಕೈ ತೆಗೆಯಿರಿ, ಸುಮ್ನೆ ಉಜ್ಜಬೇಡಿ.

ಬೆಟ್ಟದಂಚು:
ಚೂರು ಹಾಳೆಯಲ್ಲಿ ಎರಡನ್ನೂ ಪಕ್ಕಪಕ್ಕ ಮಾಡಿದೆ. ಬಿಳಿ ಇಲ್ಲದ ಕಡೆ ನೀಲಿ ಅಲ್ಲಾಡಲಿಲ್ಲ. ಇದ್ದ ಕಡೆ ಅದೇ ಕೆಸರು. ಥ್ಯಾಂಕ್ಸ್ ಸಾರ್. ಆದರೆ ಈಗ ಮಂಜಿನಲ್ಲಿ ಹೂಕೋಸಿನಂಥ ಕಲೆ ಎದ್ದಿದೆ. ಅದ್ಯಾಕೆ?

ದುರ್ಗದ ಗಾಳಿ:
ಬಣ್ಣ ಅರೆ ಒಣಗಿದಾಗ ಕುಂಚದಲ್ಲಿ ನೀರು ಜಾಸ್ತಿ ಆಗಿದೆ. ಬಟ್ಟೆಗೆ ಒತ್ತಿ ಆಮೇಲೆ ತಾಗಿಸಿ.

ಕೋಲಾರದ ಕುಂಚ:
ನೀರು. ನಾನು ಮೊದಲೇ ಹೇಳಿದ್ದೆ.