ಈ ವಾರದ ಸಮಸ್ಯೆ: ಕೊಲಲು ಬಂದವ ಕಡೆಗೆ ಕಾವಲುಗಾರನಾದನಲಾ

ಧಾರವಾಡದಿಂದ, ಸಮಸ್ಯೆ ಕೊಟ್ಟವರು:
ಭಾಮಿನಿ ಷಟ್ಪದಿ, ಮೇಲಿನದೇ ಆರನೆಯ ಸಾಲು, ಮೊದಲ ಐದು ನೀವು ಕಟ್ಟಬೇಕು. ವಿಷಯ, ರೋಗಗಳ ಚರಿತ್ರೆ. ಆದಿಪ್ರಾಸ ಬಿಟ್ಟವರಿಗೆ ಅರ್ಧ ಅಂಕ. ಗದುಗಿನವರಿಗೆ ಭಾಮಿನಿಯ ಲೆಕ್ಕ ಹೇಳಿಕೊಡುವ ಧೈರ್ಯ ನನಗಿಲ್ಲ.

ಹುಬ್ಬಳ್ಳಿಯಿಂದ:
1898ರ ಪ್ಲೇಗಿನಲ್ಲಿ ಹಾಫ್‌ಕಿನ್‌ನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ನಮ್ಮದೂ ಒಂದು. ಆದ್ದರಿಂದ ಮೊದಲ ಹಕ್ಕು ನನ್ನದು.

ಇಲಿಯು ಸತ್ತರೆ ಮನೆಯ ತೊರೆದರು
ಹೊಲದಿ ಗುಡಿಸಲ ಹಾಕಿ ಕುಳಿತರು
ಒಲೆಯನುರಿಸುವರಿಲ್ಲ ಬೀದಿಗೆ ಬೀದಿ ಹಾಳಾಯ್ತು
ಬಲಿಯ ಬೇಡಿದ ಹುಳುವ ಹಿಡಿದನು
ಛಲದ ಹಾಫ್‌ಕಿನ್; ಕಾಸಿ ಕೊಂದನು
ಕೊಲಲು ಬಂದವ ಕಡೆಗೆ ಕಾವಲುಗಾರನಾದನಲಾ

ಗದಗದಿಂದ:
ಮಾತ್ರೆ ಸರಿ ಇದೆ, ಸೂಜಿಯೇ ಕಾಣೆಯಾಗಿದೆ! ಕಾಸಿ ಕೊಂದ ಹುಳು ಮೈಯೊಳಗೆ ಹೋಗದೆ ಕಾವಲಿಗೆ ನಿಂತದ್ದು ಹೇಗೆ? ಇನ್ನೊಂದು ಮಾತು. ಆ ಹುಳುವನ್ನು, ಎಂದರೆ ಪ್ಲೇಗಿನ ರೋಗಾಣುವನ್ನು, 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪತ್ತೆಹಚ್ಚಿದವನು ಯೆರ್ಸಿನ್. ಮೇಲಾಗಿ ಹುಳು ನಪುಂಸಕಲಿಂಗ, ‘ಬಂದವ’ ಪುಲ್ಲಿಂಗ.

ಹುಬ್ಬಳ್ಳಿಯಿಂದ:
ಗುರುಗಳೆ, ಸೂಜಿಯ ತಪ್ಪು ಒಪ್ಪಿದೆ. ‘ಕಾಸಿ ಚುಚ್ಚಿದ’ ಎಂದು ತಿದ್ದಿಕೊಳ್ಳಿ, ಮಾತ್ರೆಗೆ ಧಕ್ಕೆಯಿಲ್ಲ. ‘ಹಿಡಿದನು’ ಎಂದದ್ದು ಸೀಸೆಯೊಳಗೆ ಹಿಡಿದು ಬೆಳೆಸಿದ್ದಕ್ಕೆ. ಲಿಂಗದ ಮಾತು ಬಿಡಿ, ಬಲಿ ಬೇಡಿದ ಮೇಲೆ ಅವನೊಬ್ಬ ಅಸುರನೇ.

ಹಾವೇರಿಯಿಂದ:
ನಮ್ಮ ಅಜ್ಜಿಯ ರಟ್ಟೆಯ ಮೇಲೆ ಸಿಡುಬಿನ ಲಸಿಕೆಯ ಗುರುತು ನಾಣ್ಯದಷ್ಟು ಅಗಲವಿತ್ತು. ಚಿಕ್ಕಂದಿನಲ್ಲಿ ಅದರ ಮೇಲೆ ಬೆರಳಾಡಿಸುತ್ತ ನಿದ್ದೆ ಹೋಗುತ್ತಿದ್ದೆ. ಈ ಪದ್ಯ ಆ ರಟ್ಟೆಗೆ.

ಹಲವು ಮೊಗಗಳ ಕೆಡಿಸಿ ಕಣ್ಗಳ
ಬೆಲೆಯ ಕೇಳಿದ ಸಿಡುಬಿನೆದುರಲಿ
ಚೆಲುವ ಹಸುವಿನ ಕೆಚ್ಚಲಿನ ಹುಣ್ಣಿನಲಿ ಮದ್ದಿತ್ತು
ಕಲಿತು ಜೆನ್ನರ್ ಹಾಲಿನವಳಲಿ
ಮೆಲನೆ ಗೀರಿದ ತೋಳ, ಸಿಡುಬನು
ಕೊಲಲು ಬಂದವ ಕಡೆಗೆ ಕಾವಲುಗಾರನಾದನಲಾ

ಧಾರವಾಡದಿಂದ:
ಅಕ್ಕನವರೆ, ಐದನೆಯ ಸಾಲಿನ ಕೊನೆಗೆ ‘ಸಿಡುಬನು’ ಎಂದು ದ್ವಿತೀಯಾ ವಿಭಕ್ತಿ ಇಟ್ಟು ನನ್ನ ಸಮಸ್ಯೆಯ ಹಲ್ಲನ್ನೇ ಕಿತ್ತುಬಿಟ್ಟಿರಿ! ಕೊಲೆಗಡುಕ ಎಂದು ನಾನು ಕಳಿಸಿದವನು ವೈದ್ಯನಾಗಿ ಹೊರಬಂದ. 1796ರ ಮೇ 14ರಂದು ಜೆನ್ನರ್ ಗೀರಿದ್ದು ಎಂಟು ವರ್ಷದ ಹುಡುಗನ ತೋಳು. ಹಾಲು ಕರೆಯುವವಳಿಗೆ ಹುಣ್ಣು ದಾಟಿಸಿದ ಹಸುವಿನ ಹೆಸರು ಬ್ಲಾಸಮ್, ಎಂದರೆ ಹೂವು. ‘ಚೆಲುವ’ ಬರೀ ಪ್ರಾಸಕ್ಕೆ ಬಂದದ್ದಲ್ಲ ಎಂದುಕೊಳ್ಳುತ್ತೇನೆ.

ಹಾವೇರಿಯಿಂದ:
ಪ್ರಾಸಕ್ಕೇ ಬಂದದ್ದು. ಹಸುವಿನ ಹೆಸರು ಈಗ ತಿಳಿಯಿತು.

ಗದಗದಿಂದ:
ವಾರದ ಬಹುಮಾನ ಅಕ್ಕನವರಿಗೆ ಸಲ್ಲಲಿ. ಆದರೂ ನನಗೆ ಹಾಫ್‌ಕಿನ್‌ನನ್ನು ಬಿಡಲು ಮನಸ್ಸಿಲ್ಲ. 1897ರ ಜನವರಿ 10ರಂದು ಮುಂಬಯಿಯಲ್ಲಿ ಆತ ಆ ಲಸಿಕೆಯನ್ನು ಮೊದಲು ಚುಚ್ಚಿಸಿಕೊಂಡದ್ದು ತನ್ನದೇ ಮೈಗೆ. ಆರು ಸಾಲಿನಲ್ಲಿ ಅದು ಬರಲೇ ಇಲ್ಲ, ರಾಯರೆ.

ಹುಬ್ಬಳ್ಳಿಯಿಂದ:
ಏಳನೆಯ ಸಾಲು ಕೊಟ್ಟರೆ ಬರೆಯುತ್ತೇನೆ.

ಧಾರವಾಡದಿಂದ:
ಕೊಡುವುದಿಲ್ಲ. ಮುಂದಿನ ವಾರಕ್ಕೆ ಇದು. ಸುಳಿವು: ವಿಯೆನ್ನಾ, 1847, ಹೆರಿಗೆ ವಾರ್ಡು.

ಕೈಯ ತೊಳೆಯೆಂದವನ ಕೈಯನೆ ಕಟ್ಟಿಹಾಕಿದರು