ಬಾಂಬ್ ಒಪ್ಪಂದ ಮುಗಿಯಿತಂತೆ, ನಮ್ಮ ಗುಂಪಿನಲ್ಲಿ ಜಗಳ ಶುರು

ಸುಧಾ ಅತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! 2026ರ ಫೆಬ್ರವರಿ 5ರಿಂದ ಜಗತ್ತಿನ ಅಣ್ವಸ್ತ್ರ ಒಪ್ಪಂದಗಳೆಲ್ಲ ರದ್ದು. ಇನ್ನು ಯಾವ ದೇಶ ಬೇಕಾದರೂ ಬಾಂಬ್ ಮಾಡಬಹುದು. ಕೇಳುವವರಿಲ್ಲ. ನಿಮ್ಮವರಿಗೆಲ್ಲ ಕಳಿಸಿ.

ಸುಧಾ ಅತ್ತೆ: ಓದಿ ಎದೆ ಝಲ್ ಅಂತು.

ದೊಡ್ಡಪ್ಪ: ನಾನು ಮೊದಲೇ ಹೇಳಿದ್ದೆ. ಮನುಷ್ಯನಿಗೆ ದುರಾಸೆ ಜಾಸ್ತಿಯಾದರೆ ಹೀಗೇ ಆಗುವುದು.

ಪ್ರಕಾಶ: ಅತ್ತೆ, ಯಾವ ಒಪ್ಪಂದ? ಒಂದರ ಹೆಸರೂ ಇಲ್ಲವಲ್ಲ. ಎಲ್ಲಿಂದ ಬಂತು ಇದು?

ಸುಧಾ ಅತ್ತೆ: ನನ್ನ ಗೆಳತಿ ಕಳಿಸಿದ್ದು. ಕಾಲೇಜಿನಲ್ಲಿ ಪಾಠ ಮಾಡಿದವಳು. ಸುಮ್ನೆ ಏನೇನೋ ಕಳಿಸುವುದಿಲ್ಲ.

ಪ್ರಕಾಶ: ಯಾವ ಪಾಠ ಮಾಡುತ್ತಿದ್ದರು?

ದೊಡ್ಡಪ್ಪ: ಪ್ರಕಾಶ, ಹಿರಿಯರಿಗೆ ಹೀಗೆ ಪಾಟೀಸವಾಲು ಹಾಕಬಾರದು. ಹೋದ ವರ್ಷವೂ ನಿನ್ನಿಂದಲೇ ಅವಳು ಗುಂಪು ಬಿಟ್ಟಿದ್ದು.

ವೀಣಾ: ಅತ್ತೆ, ಅರ್ಧ ನಿಜ, ಅರ್ಧ ಸುಳ್ಳು. ಅವತ್ತು ಮುಗಿದದ್ದು ಒಂದೇ ಒಪ್ಪಂದ, ನ್ಯೂ ಸ್ಟಾರ್ಟ್. ಅದು ಅಮೆರಿಕ, ರಷ್ಯಾ ನಡುವಿನದು. ದೂರಕ್ಕೆ ಹಾರುವ ಅಣ್ವಸ್ತ್ರ ಸಿಡಿತಲೆಗಳನ್ನು ಒಬ್ಬೊಬ್ಬರು 1,550ಕ್ಕಿಂತ ಜಾಸ್ತಿ ಸಜ್ಜಾಗಿ ಇಡಬಾರದು ಅಂತ ಅದರಲ್ಲಿತ್ತು. ಬೇರೆ ದೇಶಗಳು ಹೊಸದಾಗಿ ಬಾಂಬ್ ಮಾಡದಂತೆ ತಡೆಯುವುದು ಎನ್‌ಪಿಟಿ ಅನ್ನುವ ಇನ್ನೊಂದು ಒಪ್ಪಂದ. 1970ರಲ್ಲಿ ಜಾರಿಗೆ ಬಂದದ್ದು, ಈಗಲೂ ಇದೆ.

ಪ್ರಕಾಶ: ಇದ್ದು ಏನು ಬಂತು? ಉತ್ತರ ಕೊರಿಯಾ 2003ರಲ್ಲಿ ಹೊರಗೆ ಬರುತ್ತೇನೆ ಅಂದಿತು, 2006ರಲ್ಲಿ ಬಾಂಬ್ ಪರೀಕ್ಷೆಯನ್ನೂ ಮಾಡಿತು. ಆಗಲೇ ಬಾಂಬ್ ಇದ್ದ ಐದು ದೊಡ್ಡ ದೇಶಗಳು ತಮ್ಮ ಬಾಂಬುಗಳನ್ನೂ ಕಡಿಮೆ ಮಾಡುವ ಮಾತುಕತೆಗೆ ಬರುತ್ತೇವೆ ಅಂತ ಅದೇ ಒಪ್ಪಂದದಲ್ಲಿ ಒಪ್ಪಿದ್ದವು. ಮಿಕ್ಕವರು ಐವತ್ತು ವರ್ಷದಿಂದ ಕಾಯುತ್ತಿದ್ದಾರೆ.

ದೊಡ್ಡಪ್ಪ: ಅದನ್ನೇ ನಾನೂ ಹೇಳುವುದು. ಒಪ್ಪಂದ ಅಂದರೆ ಬರೀ ಕಾಗದ.

ವೀಣಾ: ಬರೀ ಕಾಗದ ಅನ್ನಬೇಡಿ ದೊಡ್ಡಪ್ಪ. 1986ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 70,000 ಸಿಡಿತಲೆಗಳಿದ್ದವು. ಈಗ ಸುಮಾರು 12,000. ದಕ್ಷಿಣ ಆಫ್ರಿಕಾ ತಾನು ಮಾಡಿದ್ದ ಆರು ಬಾಂಬುಗಳನ್ನು ತಾನೇ ಬಿಚ್ಚಿಹಾಕಿ 1991ರಲ್ಲಿ ಎನ್‌ಪಿಟಿಗೆ ಸೇರಿತು.

ಮಂಜು: 1987ರ ಡಿಸೆಂಬರ್ ನೆನಪಾಯಿತು. ಅಮೆರಿಕದ ರೇಗನ್, ಸೋವಿಯತ್ ಒಕ್ಕೂಟದ ಗೋರ್ಬಚೇವ್ ಕ್ಷಿಪಣಿ ಕಡಿಮೆ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು ಅಂತ ಅಜ್ಜನ ರೇಡಿಯೋದಲ್ಲಿ ಬಂತು. ಗುಂಡಿ ಸಡಿಲ ಅಂತ ಮಡಚಿದ ಕಾಗದ ಸಿಕ್ಕಿಸಿದ್ದರು, ಒತ್ತಿ ಹಿಡಿದುಕೊಂಡರೇ ಸ್ಟೇಷನ್ ನಿಲ್ಲುತ್ತಿತ್ತು. ಅಜ್ಜ ಹಿಡಿದುಕೊಂಡೇ ಇದ್ದರು, ಯಾರಿಗೂ ಮಾತಾಡಲು ಬಿಡಲಿಲ್ಲ.

ಪ್ರಕಾಶ: ಆ ಒಪ್ಪಂದವೂ 2019ರಲ್ಲಿ ಹೋಯಿತು ಮಂಜು.

ಸುಧಾ ಅತ್ತೆ: ರೇಡಿಯೋನೂ ಹೋಯಿತು. ಯಾರ ಮನೆಗೆ ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಅಪ್ಪನೇ ಕೈಯಾರೆ ನನಗೆ ಕೊಟ್ಟರು.

ಸುಧಾ ಅತ್ತೆ: ಅವತ್ತು ಪಟ್ಟಿ ಮಾಡೋಣ ಅಂದೆ. ನೀನು ಬೇಡ ಅಂದೆ ಅಣ್ಣ.

ದೊಡ್ಡಪ್ಪ: ಒಡಹುಟ್ಟಿದವರ ನಡುವೆ ಪಟ್ಟಿ ಯಾಕೆ? ನಂಬಿಕೆ ಸಾಲದೇ?

ವೀಣಾ: ನಂಬಿಕೆ ಇಲ್ಲದವರ ನಡುವೆಯೇ ಪಟ್ಟಿ ಬೇಕಾಗುವುದು. ನನಗೆ ಹೊಟ್ಟೆಗೆ ಸಂಕಟ ಆಗುವುದು ಅಲ್ಲೇ. ಈಗ ಮುಗಿದ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ವರ್ಷಕ್ಕೆ 18 ಸಲ ಇವರು ಅವರ ನೆಲೆಗೆ, ಅವರು ಇವರ ನೆಲೆಗೆ ಹೋಗಬಹುದಿತ್ತು. ಯಾವ ಕ್ಷಿಪಣಿ ನೋಡಬೇಕು ಅಂತ ಬಂದವರೇ ಆರಿಸುತ್ತಿದ್ದರು. ಅದರ ಮೂತಿಯ ಮುಸುಕು ತೆಗೆಸಿ, ಒಳಗಿರುವ ಸಿಡಿತಲೆಗಳನ್ನು ಎಣಿಸುತ್ತಿದ್ದರು. ಅವುಗಳ ಮೇಲೂ ಹೊದಿಕೆ ಇರುತ್ತಿತ್ತು, ಎಷ್ಟಿವೆ ಅಂತ ಗೊತ್ತಾಗಬೇಕು, ಹೇಗಿವೆ ಅಂತ ಅಲ್ಲ. 2020ರಲ್ಲಿ ಕೊರೊನಾ ಬಂದಾಗ ಈ ಭೇಟಿ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. 2023ರಲ್ಲಿ ರಷ್ಯಾ ಒಪ್ಪಂದವನ್ನೇ ತಡೆಹಿಡಿಯಿತು. ಎದುರಿನವರ ಹತ್ತಿರ ಎಷ್ಟಿದೆ ಅಂತ ಎಣಿಸಿ ನೋಡದೆ ಇದ್ದರೆ ಇಬ್ಬರೂ ಜಾಸ್ತಿಯೇ ಊಹಿಸುತ್ತಾರೆ. ಊಹೆಗೆ ತಕ್ಕಂತೆ ಮಾಡಿಡುತ್ತಾರೆ.

ದೊಡ್ಡಪ್ಪ: (ಫೋಟೋ)

ಮಂಜು: ಅಯ್ಯೋ, ಅದೇ ರೇಡಿಯೋ!

ಸುಧಾ ಅತ್ತೆ: ಗುಂಡಿಯ ಕಾಗದ ಇನ್ನೂ ಇದೆಯಾ ಅಣ್ಣ?

ದೊಡ್ಡಪ್ಪ: ಇದೆ. ಮುಟ್ಟಿಲ್ಲ.

ವೀಣಾ: ಅತ್ತೆ, ಆ ಮೆಸೇಜ್ ಡಿಲೀಟ್ ಮಾಡುತ್ತೀರಾ?

ಸುಧಾ ಅತ್ತೆ: ಇಲ್ಲಿ ಮಾಡುತ್ತೇನೆ. ಆದರೆ ಆಗಲೇ ಇನ್ನೂ ಎರಡು ಗುಂಪಿಗೆ ಕಳಿಸಿಬಿಟ್ಟೆ. ಆ ಎಣಿಕೆಯ ವಿಷಯ ಮೂರು ಸಾಲಲ್ಲಿ ಬರೆದು ಕೊಡು, ಹಾಕುತ್ತೇನೆ.